ನ್ಯಾಮತಿಯ ಕಂಪ್ಯೂಟರಿನಲ್ಲಿ ಉಳಿದ ಒಂದು ಸಾಲು

ಇಂಥ ಬರಹಗಳನ್ನು ನಾನು ಇಷ್ಟು ದಿನ ಓದುತ್ತಿದ್ದದ್ದು ನಗುವುದಕ್ಕೆ. ಯಾರಾದರೂ ತಮಗೆ ಹುಣಸೆಮರದ ಕೆಳಗೆ ಹೆಂಗಸೊಬ್ಬಳು ಕಂಡಳೆಂದು ಬರೆದರೆ, ಆ ದಿನ ಅವರು ಊಟಕ್ಕೆ ಏನು ತಿಂದಿದ್ದರು ಎಂದು ಮೊದಲು ಯೋಚಿಸುತ್ತಿದ್ದೆ. ತ್ಯಾವಣಿಗೆಯಲ್ಲಿರುವ ನಮ್ಮ ಮನೆಯವರ ಚಿಕ್ಕಮ್ಮನಿಗೆ ವರ್ಷಕ್ಕೆ ಎರಡು ಸಲವಾದರೂ ಏನಾದರೊಂದು ಕಾಣಿಸುತ್ತದೆ. ಕಂಡದ್ದು ಪ್ರತಿ ಸಲವೂ ಅವರಿಗೆ ಆಗದ ಸೊಸೆಯ ತವರಿನ ದಿಕ್ಕಿನಿಂದಲೇ ಬಂದಿರುತ್ತದೆ ಎಂಬುದನ್ನು ನಾನು ಗಮನಿಸಿದ್ದೇನೆ. ನಾನು ವಾದಕ್ಕೆ ಇಳಿಯುವವಳಲ್ಲ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರುಗಳು ದನಿ ಎತ್ತರಿಸಬಾರದೆಂದು ಕಲಿಸಿದ್ದರು. ಹುಬ್ಬು ಎತ್ತರಿಸಬಾರದೆಂದು ಮಾತ್ರ ಯಾರೂ ಹೇಳಿರಲಿಲ್ಲ.

ಆದ್ದರಿಂದ ಈಗ ನಾನೇ ಹೀಗೊಂದನ್ನು ಬರೆಯಲು ಕುಳಿತಿದ್ದೇನೆ ಎಂಬುದು ನನಗೇ ಕಿರಿಕಿರಿ. ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕತ್ತಲೆಯಿಲ್ಲ, ನಾಯಿ ಊಳಿಟ್ಟಿಲ್ಲ. ನಡೆದದ್ದೆಲ್ಲ ಬೆಳಗಿನ ಹೊತ್ತು, ಸೊಪ್ಪಿನವಳು ಬೀದಿಯಲ್ಲಿ ಕೂಗುತ್ತಿದ್ದಾಗ.

ನಾವು ಇರುವುದು ಚನ್ನಗಿರಿಯಲ್ಲಿ. ನನ್ನ ಮೈದುನ ರುದ್ರೇಶ ನ್ಯಾಮತಿಯಲ್ಲಿದ್ದಾನೆ. ಅತ್ತೆಯೂ ಅವನ ಜೊತೆಗೇ ಇರುವುದು. ಮನೆಯ ಮುಂದಿನ ಕೋಣೆಯಲ್ಲಿ ಅವನ ಝೆರಾಕ್ಸ್ ಅಂಗಡಿ. ಝೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ, ಮದುವೆ, ಗೃಹಪ್ರವೇಶದ ಕಾರ್ಡು. ಬೋರ್ಡಿನಲ್ಲಿ ಹೆಸರು ಅವನದಿತ್ತೇ ಹೊರತು ಅಂಗಡಿ ನಡೆಸುತ್ತಿದ್ದವಳು ಅವನ ಹೆಂಡತಿ ಗಿರಿಜಾ. ಅವನು ಹಾಳೆಯ ಬಂಡಲ್ ತರುತ್ತಿದ್ದ, ಅದರ ಮೇಲೆ ಕೂತು ಪೇಪರ್ ಓದುತ್ತಿದ್ದ.

ಗಿರಿಜಾ ಉಬ್ರಾಣಿಯವಳು, ಕನ್ನಡ ಶಾಲೆಯಲ್ಲಿ ಓದಿದವಳು. ಕನ್ನಡ ಟೈಪಿಂಗಿನಲ್ಲಿ ಅವಳ ಕೈಯ ವೇಗ ನನಗೆ ಜನ್ಮದಲ್ಲಿ ಬರುವುದಿಲ್ಲ. ಆದರೆ ಪರದೆಯ ಮೇಲೆ ಇಂಗ್ಲಿಷಿನ ಒಂದು ಪೆಟ್ಟಿಗೆ ಮೂಡಿದರೆ ಸಾಕು, ನನಗೆ ಫೋನು. "ಅಕ್ಕ, ಇದು ಏನೋ ಅಂತೈತೆ ನೋಡ್ರಿ" ಎಂದು ಒಂದೊಂದೇ ಅಕ್ಷರ ಓದುತ್ತಿದ್ದಳು. ನಾನು ಒಗ್ಗರಣೆ ಹಾಕುತ್ತ ಅರ್ಥ ಹೇಳುತ್ತಿದ್ದೆ. ಹತ್ತರಲ್ಲಿ ಒಂಬತ್ತು ಸಲ "ಏನಿಲ್ಲಮ್ಮ, ಓಕೆ ಒತ್ತು" ಎಂಬುದೇ ನನ್ನ ಉತ್ತರ. ಕೆಲವು ದಿನ ಬೇಸರವಾಗಿ ಫೋನ್ ಎತ್ತದೆಯೂ ಇದ್ದೇನೆ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮಳೆಗಾಲದ ಕೊನೆಯಲ್ಲಿ ಅವಳಿಗೆ ಜ್ವರ ಬಂತು. ಐದನೆಯ ದಿನ ತೀರಿಕೊಂಡಳು. ಮೂವತ್ತನಾಲ್ಕು ವರ್ಷ, ಮಕ್ಕಳಿರಲಿಲ್ಲ. ರುದ್ರೇಶ ಒಂದು ವರ್ಷ ಅಂಗಡಿಯಲ್ಲಿ ಗಡ್ಡ ಬಿಟ್ಟುಕೊಂಡು ಕೂತಿದ್ದ. ಆಮೇಲೆ ಎಲ್ಲರೂ ಸೇರಿ ಅವನಿಗೆ ಇನ್ನೊಂದು ಮದುವೆ ಎಂದರು. ಸಂಬಂಧ ಹುಡುಕಿದವಳು ನಾನೇ. ಜಗಳೂರು ಕಡೆಯ ಸೊಕ್ಕೆಯ ಹುಡುಗಿ, ಶಿಲ್ಪಾ, ಬಿ.ಕಾಂ. ಓದಿದವಳು. ನೇರ ಮಾತು, ನೇರ ಬೈತಲೆ. ನನಗೆ ಕಂಡ ಕೂಡಲೇ ಇಷ್ಟವಾದಳು.

ಅತ್ತೆಯ ಕಡೆಯವರಲ್ಲಿ ಒಂದು ಪದ್ಧತಿಯಿದೆ. ಗಂಡಸು ಎರಡನೆಯ ಮದುವೆಯಾದರೆ, ತೀರಿಹೋದವಳ ಹೆಸರಿನಲ್ಲಿ ಚಿನ್ನದ ಚಿಕ್ಕ ಬಿಲ್ಲೆಯೊಂದನ್ನು ಮಾಡಿಸಿ, ಬಂದವಳು ಅದನ್ನು ತಾಳಿಯ ಪಕ್ಕದಲ್ಲೇ ಕಟ್ಟಿಕೊಳ್ಳಬೇಕು. ಹೊಸ ಸೀರೆ ತಂದರೆ ಮೊದಲು ಬಿಲ್ಲೆಗೆ ತಾಕಿಸಿ ಆಮೇಲೆ ಉಡಬೇಕು. ಹಬ್ಬದ ಹೋಳಿಗೆಯ ಮೊದಲ ತುಂಡೂ ಅದಕ್ಕೇ. ಹೀಗೆ ಮಾಡಿದರೆ ಹೋದವಳು ಬಂದವಳ ತಂಟೆಗೆ ಬರುವುದಿಲ್ಲವಂತೆ. ಗಂಡಸಿಗೆ ಏನೂ ಕಟ್ಟುವುದಿಲ್ಲ ಎಂಬುದನ್ನು ಗಮನಿಸಬೇಕು. ಎರಡು ಮದುವೆಯಾದವನು ಅವನು, ಕುತ್ತಿಗೆಗೆ ಭಾರ ಇವಳಿಗೆ.

ನಿಶ್ಚಿತಾರ್ಥದ ದಿನವೇ ನಾನು ಶಿಲ್ಪಾಳನ್ನು ಅಡುಗೆಮನೆಗೆ ಕರೆದು, "ಕಟ್ಕೋಬೇಡ. ನಾನಿದ್ದೀನಿ" ಎಂದೆ. ಅವಳು ಕಟ್ಟಿಕೊಳ್ಳಲಿಲ್ಲ. ಅತ್ತೆ ಮಾಡಿಸಿದ್ದ ಬಿಲ್ಲೆಯನ್ನು ಕೆಂಪು ಕಾಗದದಲ್ಲಿ ಸುತ್ತಿ ಸ್ಟೀಲಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ದೇವರ ಗೂಡಿನಲ್ಲಿಟ್ಟರು. "ಹಂಗಾದ್ರೆ ಆಕೇದು ಒಂದು ಪಿನ್ನೂ ಈ ಮನ್ಯಾಗೆ ಇರಕೂಡದು" ಎಂದು ಮಾತ್ರ ಮಗನಿಗೆ ಹೇಳಿದರು.

ರುದ್ರೇಶ ಅಮ್ಮನ ಮಾತನ್ನು ಅಕ್ಷರಶಃ ಪಾಲಿಸುವ ಮಗ. ಸೀರೆಗಳು ಉಬ್ರಾಣಿಗೆ ಹೋದವು. ಚಪ್ಪಲಿ, ಬಾಚಣಿಗೆ, ಕನ್ನಡಕದ ಡಬ್ಬಿ ಎಲ್ಲವೂ ಹೋದವು. ಗಿರಿಜಾ ಕೆಲಸದ ನಡುವೆ ಹಣೆಯ ಸ್ಟಿಕ್ಕರ್ ತೆಗೆದು ಮಾನಿಟರಿನ ಅಂಚಿಗೆ ಅಂಟಿಸುತ್ತಿದ್ದಳು. ಅವನ್ನೂ ಚಾಕುವಿನಿಂದ ಕೆರೆದ. ಅಂಟಿನ ಐದು ದುಂಡು ಗುರುತು ಈಗಲೂ ಅಲ್ಲಿವೆ. ಕೊನೆಗೆ ಈ ಮಹಾರಾಯ ಕಂಪ್ಯೂಟರಿನ ಒಳಗೂ ಮನೆ ಗುಡಿಸಿದ. ಗಿರಿಜಾ ತನ್ನ ಕನ್ನಡ ಟೈಪಿಂಗ್ ಸಾಫ್ಟ್‌ವೇರನ್ನು ಹಾಕಿಕೊಂಡಿದ್ದದ್ದು ತನ್ನದೇ ಹೆಸರಿನ ಫೋಲ್ಡರಿನಲ್ಲಿ. ರುದ್ರೇಶ ಸಾಫ್ಟ್‌ವೇರನ್ನು ಅನ್‌ಇನ್‌ಸ್ಟಾಲ್ ಮಾಡಿ, ಫೋಲ್ಡರನ್ನೂ ಅಳಿಸಿ, ಕೈ ತೊಳೆದುಕೊಂಡು ಬಂದನಂತೆ. ಹೆಂಡತಿಯ ನೆನಪಿನ ಜೊತೆಗೆ ಹೊಟ್ಟೆಪಾಡನ್ನೂ ಅಳಿಸಿದೆನೆಂದು ತಿಳಿದದ್ದು ಮರುದಿನ, ಯಾರೋ ನಾಮಕರಣದ ಕಾರ್ಡು ಮಾಡಿಸಲು ಬಂದಾಗ. ಹೊನ್ನಾಳಿಯಿಂದ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿ ಬೇರೆ ಸಾಫ್ಟ್‌ವೇರ್ ಹಾಕಿಸಿದ.

ಪೆಟ್ಟಿಗೆ ಬರತೊಡಗಿದ್ದು ಆಮೇಲೆ. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದ ಕೂಡಲೇ ಪರದೆಯ ನಡುವೆ ಒಂದು ಚೌಕ. ಅದರಲ್ಲಿ ಗಿರಿಜಾಳ ಹೆಸರು, ಹೆಸರಿನ ಮುಂದೆ ಫೈಲಿನ ವಿಳಾಸ, ಕೆಳಗೆ, ಇದು ಸಿಗುತ್ತಿಲ್ಲ, ಹೆಸರು ಸರಿಯಿದೆಯೇ ನೋಡಿ ಎಂಬ ಇಂಗ್ಲಿಷು. ಓಕೆ ಒತ್ತಿದರೆ ಹೋಗುತ್ತದೆ, ಮರುದಿನ ಮತ್ತೆ ಹಾಜರು.

ಕಾರಣ ಇಷ್ಟೇ, ನಾನು ನೆಟ್ಟಿನಲ್ಲಿ ಓದಿ ತಿಳಿದದ್ದು. ಕಂಪ್ಯೂಟರಿನೊಳಗೆ ಒಂದು ಪಟ್ಟಿಯಿರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಯಾರು ಯಾರನ್ನು ಎಬ್ಬಿಸಬೇಕು ಎಂಬ ಪಟ್ಟಿ. ಸಾಫ್ಟ್‌ವೇರನ್ನು ತೆಗೆದರೂ ಕೆಲವು ಸಲ ಅದರ ಸಾಲು ಆ ಪಟ್ಟಿಯಲ್ಲಿ ಉಳಿದುಬಿಡುತ್ತದೆ. ಬಾಡಿಗೆಯವರು ಮನೆ ಖಾಲಿ ಮಾಡಿ ವರ್ಷವಾದರೂ ಪೋಸ್ಟ್‌ಮ್ಯಾನ್ ಅವರ ಹೆಸರು ಕೂಗುವುದಿಲ್ಲವೇ, ಹಾಗೆ. ತೆಗೆಯಬೇಕಾದದ್ದು ಆ ಒಂದು ಸಾಲನ್ನು, ಎರಡು ನಿಮಿಷದ ಕೆಲಸ. ಆದರೆ ನ್ಯಾಮತಿಯ ಆ ಮನೆಯಲ್ಲಿ ಪರದೆಯ ಮೇಲಿನ ಇಂಗ್ಲಿಷನ್ನು ಕೊನೆಯ ಪದದವರೆಗೆ ಓದುವ ಗಂಡಸು ಒಬ್ಬನೂ ಇರಲಿಲ್ಲ. ಹೊನ್ನಾಳಿಯ ಮೆಕ್ಯಾನಿಕ್ ಬಂದು ನೋಡಿ, ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು ಎಂದನಂತೆ. ಇವರ ಪ್ರಪಂಚದಲ್ಲಿ ಎಲ್ಲದಕ್ಕೂ ಅದೇ ಮದ್ದು. ರುದ್ರೇಶನಿಗೆ ಧೈರ್ಯ ಬರಲಿಲ್ಲ. ಅತ್ತೆ ಮಾನಿಟರಿಗೆ ಮೂರು ಬೆರಳಿನ ವಿಭೂತಿ ಎಳೆದರು. ಗಿರಾಕಿಗಳು ತಮ್ಮ ಅರ್ಜಿಯನ್ನು ವಿಭೂತಿಯ ಸಂದಿಯಿಂದ ಓದಿ ಸಹಿ ಮಾಡಿದರು.

ಹದಿನೈದು ದಿನದ ಮೇಲೆ ಶಿಲ್ಪಾ ಫೋನ್ ಮಾಡಿದಳು.

"ಅಕ್ಕ, ನಾನು ಈ ಮನೀಗೆ ಒಬ್ಳೇ ಸೊಸಿ ಅನ್ಕೊಂಡು ಬಂದೆ. ಇಲ್ಲಿ ಇಬ್ರು ಅದೀವಿ" ಎಂದಳು. ಅಳುತ್ತಿರಲಿಲ್ಲ. ಅಳದೆ ಮಾತಾಡುವವರು ನಿರ್ಧಾರ ಮಾಡಿರುತ್ತಾರೆ. "ದಿನಾ ಬೆಳಿಗ್ಗೆ ಅಂಗಡಿ ತಗ್ದು ಆ ಹೆಸ್ರಿಗೆ ಓಕೆ ಒತ್ತಬೇಕು. ಬಂದೋರೆಲ್ಲ ನನ್ನ ಕುತ್ತಿಗಿ ನೋಡ್ತಾರೆ, ಬಿಲ್ಲೆ ಐತೋ ಇಲ್ಲೋ ಅಂತ. ಅತ್ತೆ ಸೋಮವಾರ ಒಳ್ಳೆ ದಿನ, ಕಟ್ತೀನಿ ಅಂತಾರೆ. ಕಟ್ಟಿಸ್ಕೊಂಡ್ರೆ ಸಾಯೋ ತನ್ಕ ನಾನು ಆಕಿ ಆಳು. ಸೋಮವಾರ ಬಿಲ್ಲೆ ಹೊರಗೆ ಬಂತು ಅಂದ್ರೆ ನಾನು ಸೊಕ್ಕೆ ಬಸ್ಸು ಹತ್ತೀನಿ. ತಿರುಗಿ ಬರಾಕಿಲ್ಲ."

"ನಿನ್ನ ಗಂಡ ಏನಂತಾನೆ?"

"ಅವ್ರು ಪೇಪರ್ ಓದ್ತಾರೆ."

ಶುಕ್ರವಾರ ಬೆಳಿಗ್ಗೆ ಹೊರಟು, ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ಹತ್ತೂವರೆಗೆ ನ್ಯಾಮತಿ ತಲುಪಿದೆ. ನನ್ನ ಚೀಲದಲ್ಲಿ ಏನಿತ್ತು ಎಂಬುದು ಮುಂದೆ ಮುಖ್ಯವಾಗುತ್ತದೆ, ಆದ್ದರಿಂದ ಹೇಳುತ್ತೇನೆ. ಒಂದು ನೀರಿನ ಬಾಟಲಿ, ಕರವಸ್ತ್ರ, ಅತ್ತೆಗೆ ಡಬ್ಬಿಯಲ್ಲಿ ಅರ್ಧ ಕೆ.ಜಿ. ಮಂಡಕ್ಕಿ ಉಂಡೆ, ಬಟನ್ನಿನ ಹಳೆಯ ಫೋನು. ಬೇರೆ ಏನೂ ಇರಲಿಲ್ಲ. ದೊಡ್ಡ ಫೋನನ್ನು ಮಗಳು ಕಾಲೇಜಿಗೆ ಒಯ್ದಿದ್ದಳು. ಪೆನ್‌ಡ್ರೈವು ನಮ್ಮ ಮನೆಯಲ್ಲೇ ಇಲ್ಲ.

ಕಂಪ್ಯೂಟರಿನ ಮುಂದೆ ಕೂತೆ. ಹಿಂದೆ ಅತ್ತೆ, ಪಕ್ಕದಲ್ಲಿ ಶಿಲ್ಪಾ, ಬಾಗಿಲಲ್ಲಿ ರುದ್ರೇಶ, ಕೈಯಲ್ಲಿ ಪೇಪರು. ಬೀಗರ ಮನೆಯ ಸತ್ಕಾರ ನೋಡಲು ಬಂದವರಂತೆ ಪಕ್ಕದ ಟೈಲರ್ ಅಂಗಡಿಯ ಹೆಂಗಸೂ ನಿಂತಿದ್ದಳು. ಪೆಟ್ಟಿಗೆ ಬಂತು. ನಾನು ನಿಧಾನವಾಗಿ ಓದಿದೆ. ಓಕೆ ಒತ್ತಿ, ರಿಜಿಸ್ಟ್ರಿ ಎಂಬ ಒಳಕೋಣೆಗೆ ಹೋಗಿ, ಆ ಪಟ್ಟಿಯನ್ನು ತೆರೆದೆ. ಮೂರು ಸಾಲಿದ್ದವು. ಮೂರನೆಯದು ಗಿರಿಜಾಳ ಹೆಸರಿನದು.

"ಇದೇ ನೋಡಿ ನಿಮ್ಮ ದೆವ್ವ" ಎಂದೆ. ನನ್ನ ದನಿಯಲ್ಲಿ ಎಷ್ಟು ತಾತ್ಸಾರವಿತ್ತೆಂದರೆ ಈಗ ನೆನೆದರೆ ಮುಜುಗರವಾಗುತ್ತದೆ. "ಒಂದು ಸಾಲು. ಸಾಫ್ಟ್‌ವೇರ್ ತೆಗೆದವರು ಇದನ್ನು ತೆಗೆಯಲಿಲ್ಲ, ಅಷ್ಟೇ."

"ತಗೀತೀಯೇನವ್ವ?" ಎಂದರು ಅತ್ತೆ. "ತಗ್ದು ಎಲ್ಲಿಗೆ ಕಳಿಸ್ತೀಯ?"

"ಎಲ್ಲಿಗೂ ಇಲ್ಲ ಅತ್ತೆ. ಅಳಿಸಿದ್ರೆ ಮುಗೀತು."

"ಹಂಗೆ ಮುಗ್ಯಂಗಿದ್ರೆ ಹಿರೇರು ಬಿಲ್ಲೆ ಯಾಕೆ ಮಾಡ್ತಿದ್ರು?"

ರುದ್ರೇಶ ಬಾಗಿಲಿನಿಂದಲೇ, "ಅತ್ಗೆ, ಇದು ಮತ್ತೆ ಬಂದ್ರೆ?" ಎಂದ.

"ಬಂದ್ರೆ ನಾನೇ ಬಂದು ಶಿಲ್ಪಾಗೆ ಬಿಲ್ಲೆ ಕಟ್ತೀನಿ" ಎಂದೆ. ಶಿಲ್ಪಾ ನನ್ನ ಮುಖ ನೋಡಿದಳು. ಅವಳ ಪರವಾಗಿ ಪಣ ಇಡಲು ನನಗೆ ಯಾರೂ ಅಧಿಕಾರ ಕೊಟ್ಟಿರಲಿಲ್ಲ. ಬುದ್ಧಿವಂತೆ ಎನಿಸಿಕೊಳ್ಳುವ ಆಸೆಯಲ್ಲಿ ಅದು ಆಗ ಹೊಳೆಯಲಿಲ್ಲ.

ಸಾಲನ್ನು ಅಳಿಸಿದೆ. ಮೂರು ಸಲ ಬಂದ್ ಮಾಡಿ ಹಚ್ಚಿ ತೋರಿಸಿದೆ, ಪೆಟ್ಟಿಗೆ ಬರಲಿಲ್ಲ. ಟೈಲರ್ ಹೆಂಗಸು, "ಇಷ್ಟೇ ಏನ್ರಿ?" ಎಂದು ನಿರಾಸೆಯಿಂದ ಹೋದಳು. ಅತ್ತೆ ಎದ್ದು ಅಡುಗೆಮನೆಗೆ ಹೋದರು. ಶಿಲ್ಪಾ ಒದ್ದೆ ಬಟ್ಟೆ ತಂದು ಮಾನಿಟರಿನ ವಿಭೂತಿ ಒರೆಸಿದಳು. ಊಟ ಮಾಡಿ ಮಧ್ಯಾಹ್ನದ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ನನಗೆ ನನ್ನ ಮೇಲೆ ಬಹಳ ಪ್ರೀತಿಯಿತ್ತು.

ಮರುದಿನ ಶನಿವಾರ, ತಿಂಡಿ ಮುಗಿಸಿ ಒಂಬತ್ತೂವರೆಗೆ ನನ್ನ ಲ್ಯಾಪ್‌ಟಾಪ್ ತೆರೆದೆ. ಮಗಳ ಆನ್‌ಲೈನ್ ಪಾಠಕ್ಕೆಂದು ಕೊಂಡದ್ದು, ಈಗ ನಮ್ಮ ಮಹಿಳಾ ಸಮಾಜದ ಸಭೆಯ ವರದಿ ಬರೆಯಲು ನಾನು ಬಳಸುತ್ತೇನೆ. ಮನೆಯಲ್ಲಿ ಬೇರೆ ನೆಟ್ ಇಲ್ಲ. ಬೇಕಾದರೆ ಫೋನಿನಿಂದ ಹಚ್ಚಿಕೊಳ್ಳಬೇಕು, ಫೋನು ಮಗಳ ಹತ್ತಿರವಿತ್ತು.

ಪರದೆ ಬೆಳಗಿತು. ನಡುವೆ ಒಂದು ಚೌಕ. ಅದರಲ್ಲಿ ಗಿರಿಜಾಳ ಹೆಸರು, ಅದೇ ಫೋಲ್ಡರು, ಅದೇ ಫೈಲು. ಸಿಗುತ್ತಿಲ್ಲ, ಹೆಸರು ಸರಿಯಿದೆಯೇ ನೋಡಿ.

ಇಲ್ಲಿ ನಾನು ಕಿರುಚಿದೆ, ಕಾಫಿ ಲೋಟ ಕೆಡವಿದೆ ಎಂದು ಬರೆದರೆ ಓದುವವರಿಗೆ ರುಚಿಸುತ್ತಿತ್ತು. ನಾನು ಹಾಗೇನೂ ಮಾಡಲಿಲ್ಲ. ಓಕೆ ಒತ್ತದೆ, ಕನ್ನಡಕ ಒರೆಸಿಕೊಂಡು, ಅಕ್ಷರ ಅಕ್ಷರವಾಗಿ ಓದಿದೆ. ಆಮೇಲೆ ನಿನ್ನೆ ನ್ಯಾಮತಿಯಲ್ಲಿ ಹೋದ ದಾರಿಯಲ್ಲೇ ನನ್ನ ಲ್ಯಾಪ್‌ಟಾಪಿನ ಪಟ್ಟಿಗೆ ಹೋದೆ. ಸಾಲು ಅಲ್ಲಿತ್ತು. ಆ ಟೈಪಿಂಗ್ ಸಾಫ್ಟ್‌ವೇರು ನನ್ನ ಲ್ಯಾಪ್‌ಟಾಪಿನಲ್ಲಿ ಯಾವತ್ತೂ ಇರಲಿಲ್ಲ, ಆ ಹೆಸರಿನ ಫೋಲ್ಡರೂ ಇರಲಿಲ್ಲ. ಗಿರಿಜಾ ಈ ಯಂತ್ರವನ್ನು ಕಣ್ಣಿನಿಂದ ನೋಡಿದವಳೂ ಅಲ್ಲ. ಇದನ್ನು ಕೊಂಡದ್ದು ಅವಳು ತೀರಿಕೊಂಡ ಮೇಲೆ.

ನ್ಯಾಮತಿಗೆ ಫೋನ್ ಮಾಡಿದೆ. "ಶಿಲ್ಪಾ, ಬಂತೇನಮ್ಮ?"

"ಇಲ್ಲಕ್ಕ. ಅಂಗಡಿ ತಗ್ದು ಒಂದು ತಾಸಾತು. ಏನೂ ಬಂದಿಲ್ಲ" ಎಂದಳು. ದನಿಯಲ್ಲಿ ನಗುವಿತ್ತು. "ಅತ್ತೆ ಸೋಮವಾರದ ಮಾತೇ ಎತ್ತಿಲ್ಲ. ಚಟ್ನಿಪುಡಿ ಮಾಡಾಕೆ ಕರೆದ್ರು."

ಆ ನಗುವನ್ನು ಕೇಳಿದ ಮೇಲೆ ನನ್ನ ಪರದೆಯಲ್ಲಿ ಏನಿದೆ ಎಂದು ಹೇಳದೆ ಫೋನ್ ಇಟ್ಟೆ.

ನಮ್ಮ ಮನೆಯವರಿಗೆ ಹೇಳಿದೆ. "ನೀನೇ ಅಲ್ಲಿಂದ ಏನೋ ತಂದಿರ್ತೀಯ" ಎಂದರು. ಮಂಡಕ್ಕಿ ಉಂಡೆಯ ಡಬ್ಬಿಯಲ್ಲಿ ತಂದೆನೇನು ಎಂದು ಕೇಳಿದೆ, ನಕ್ಕು ಸ್ನಾನಕ್ಕೆ ಹೋದರು. ಬಸ್‌ಸ್ಟ್ಯಾಂಡಿನ ಹತ್ತಿರದ ರಿಪೇರಿ ಅಂಗಡಿಗೆ ಒಯ್ದೆ. ಆತ ತೆರೆದು ನೋಡುವ ಮೊದಲೇ "ವೈರಸ್ ಮೇಡಂ" ಎಂದ. ಅರ್ಧ ದಿನ ಹುಡುಕಿದ, ವೈರಸ್ ಸಿಗಲಿಲ್ಲ. "ಹಂಗಾದ್ರೆ ಹಳೇ ಸಾಫ್ಟ್‌ವೇರ್‌ದು ಉಳ್ಕೊಂಡೈತೆ, ಒಂದು ಸಾಲು ಐತೆ, ತಗ್ದುಬಿಡ್ಲಾ?" ಎಂದ. ಆ ಸಾಫ್ಟ್‌ವೇರ್ ಇದರಲ್ಲಿ ಇರಲೇ ಇಲ್ಲವಲ್ಲಪ್ಪ ಎಂದೆ. ಮರೆತಿರ್ತೀರಿ ಎಂದ. ನನಗೆ ಅಣ್ಣತಮ್ಮಂದಿರ ಮಕ್ಕಳ ಹುಟ್ಟಿದ ನಕ್ಷತ್ರ ನೆನಪಿರುತ್ತದೆ ಎಂದು ಅವನಿಗೇನು ಗೊತ್ತು. "ಬೇಡ, ನಾನೇ ತೆಗೀತೀನಿ" ಎಂದು ವಾಪಸು ತಂದೆ.

ಹತ್ತು ಹನ್ನೆರಡು ದಿನ ತೆಗೆಯಲಿಲ್ಲ. ಬೆಳಿಗ್ಗೆ ಪೆಟ್ಟಿಗೆ ಬರುತ್ತಿತ್ತು, ಓಕೆ ಒತ್ತುತ್ತಿದ್ದೆ. ಒಂದು ಗುರುವಾರ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ತ್ಯಾವಣಿಗೆಯ ಚಿಕ್ಕಮ್ಮನನ್ನು ಇಷ್ಟು ವರ್ಷ ಆಡಿಕೊಂಡವಳು ಈಗ ಒಂದು ಸಾಲು ಇಂಗ್ಲಿಷಿಗೆ ಹೆದರುವುದೇ? ಒಂಬತ್ತು ಗಂಟೆಗೆ ಆ ಸಾಲನ್ನು ಅಳಿಸಿ, ಬಂದ್ ಮಾಡಿ ಹಚ್ಚಿ ನೋಡಿ, ಹೋಯಿತೆಂದು ಖಾತ್ರಿಯಾದ ಮೇಲೆ ಬೀನ್ಸ್ ಹೆಚ್ಚಲು ಕೂತೆ.

ಇಪ್ಪತ್ತು ನಿಮಿಷವೂ ಆಗಿರಲಿಲ್ಲ, ಫೋನ್ ಬಂತು.

"ಅಕ್ಕ, ಬಂತು" ಎಂದಳು ಶಿಲ್ಪಾ. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿಲ್ಲ, ಆಮೇಲೂ ಕೇಳಿಲ್ಲ. "ಇವತ್ತು ಅಂಗಡಿ ತಗಿಯೋದು ತಡ ಆತು. ಈಗ ಹಚ್ಚಿದ್ರೆ ಮತ್ತೆ ಅದೇ ಹೆಸ್ರು. ಅತ್ತೆ ನೋಡಿದ್ರು. ಡಬ್ಬಿ ಇಳಿಸ್ಯಾರೆ. ನೀವು ಬರೋ ತನ್ಕ ಕಾಯ್ತೀನಿ ಅಂತಾರೆ. ನೀವೇ ಮಾತು ಕೊಟ್ಟಿದ್ರಲ್ಲ. ನಾನು ಬಟ್ಟೆ ತುಂಬಿಟ್ಟೀನಿ ಅಕ್ಕ. ನಿಮ್ಮ ಮ್ಯಾಲೆ ಸಿಟ್ಟಿಲ್ಲ" ಎಂದಳು.

ನಾನು ಯೋಚನೆ ಮಾಡಿ ಏನೂ ಹೇಳಲಿಲ್ಲ. ನನ್ನ ಬಾಯಿ ತಾನೇ ಹೇಳಿತು. "ಕಂಪ್ಯೂಟರ್ ಬಂದ್ ಮಾಡು. ಹದಿನೈದು ನಿಮಿಷ ಯಾರೂ ಮುಟ್ಟಬೇಡಿ. ನಾನು ಫೋನ್ ಮಾಡಿದ ಮೇಲೆ ಹಚ್ಚು. ಅಲ್ಲಿ ತನಕ ಬ್ಯಾಗು ಎತ್ತಬೇಡ."

ಬೀನ್ಸಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತೆ. ಪಟ್ಟಿ ತೆರೆದೆ. ಹೊಸ ಸಾಲಿಗೆ ಜಾಗ ಮಾಡಿ, ಗಿರಿಜಾಳ ಹೆಸರು, ಫೋಲ್ಡರು, ಫೈಲು, ಎಲ್ಲವನ್ನೂ ನನ್ನ ಕೈಯಾರೆ ಟೈಪ್ ಮಾಡಿದೆ. ಎಲ್ಲಿಯೂ ಬರೆದಿಟ್ಟುಕೊಂಡಿರಲಿಲ್ಲ. ಹನ್ನೆರಡು ದಿನ ಓದಿ ಓದಿ ಬಾಯಿಪಾಠವಾಗಿತ್ತು. ಬಂದ್ ಮಾಡಿ ಹಚ್ಚಿದೆ. ಪೆಟ್ಟಿಗೆ ಬಂತು. ಕಂಪ್ಯೂಟರಿನಲ್ಲಿ ತಪ್ಪು ತೋರಿಸಿದ್ದಕ್ಕೆ ಯಾರಾದರೂ ಸಮಾಧಾನಪಟ್ಟಿದ್ದರೆ ಅದು ನಾನೊಬ್ಬಳೇ ಇರಬೇಕು.

ನ್ಯಾಮತಿಗೆ ಫೋನ್ ಮಾಡಿ, "ಹಚ್ಚು" ಎಂದೆ. ಫೋನಿನಲ್ಲಿ ಸ್ವಿಚ್ಚಿನ ಸದ್ದು ಕೇಳಿತು. ಹಳೆಯ ಯಂತ್ರದ ಫ್ಯಾನು ಕೆಮ್ಮಿ ತಿರುಗತೊಡಗಿತು. ಅತ್ತೆ ಏನೋ ಅಂದರು, ರುದ್ರೇಶ "ಸುಮ್ನಿರವ್ವ" ಎಂದ. ತಾಯಿಗೆ ಅವನು ಹಾಗೆ ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು.

"ಇಲ್ಲಕ್ಕ" ಎಂದಳು ಶಿಲ್ಪಾ. "ಬರ್ಲಿಲ್ಲ. ಅಲ್ಲಿ ಕುಂತು ಏನು ಮಾಡಿದ್ರಿ?"

"ನೆಟ್ಟಿನಲ್ಲಿ ಸರಿ ಮಾಡ್ದೆ" ಎಂದೆ. ನಮ್ಮ ಸಿಸ್ಟರುಗಳು ಕಲಿಸಿದ್ದರಲ್ಲಿ ಇದು ಇರಲಿಲ್ಲ.

ಇಷ್ಟಾದ ಮೇಲೆ ನಾಲ್ಕು ವರ್ಷ ಕಳೆದಿದೆ. ನ್ಯಾಮತಿಯ ಕಂಪ್ಯೂಟರಿನಲ್ಲಿ ಆ ಹೆಸರು ಮತ್ತೆ ಬಂದಿಲ್ಲ. ಶಿಲ್ಪಾಳ ಕುತ್ತಿಗೆಯಲ್ಲಿ ತಾಳಿ ಮಾತ್ರ ಇದೆ. ಅವಳ ಮಗನಿಗೆ ಈಗ ಎರಡೂವರೆ, ಝೆರಾಕ್ಸ್ ಯಂತ್ರದ ಬಿಸಿ ಹಾಳೆ ಕೆನ್ನೆಗೆ ಒತ್ತಿಕೊಳ್ಳುವುದು ಅವನಿಗೆ ಆಟ. ಅತ್ತೆ ಹೋದ ವರ್ಷ ಬಿಲ್ಲೆ ಕರಗಿಸಿ ಮೊಮ್ಮಗನ ಕಿವಿಗೆ ಕಡಕು ಮಾಡಿಸಿದರು. ಆ ಮನೆಯ ಮಟ್ಟಿಗೆ ಎಲ್ಲವೂ ಮುಗಿದಂತೆ.

ನನಗೆ ಹೊಳೆಯದ ಕಾರಣಗಳು ಇರಬಹುದು. ನ್ಯಾಮತಿಯಲ್ಲಿ ಆ ಗುರುವಾರ ರುದ್ರೇಶನೇ ಏನನ್ನೋ ಒತ್ತಿ ಹಳೆಯದನ್ನು ಎಬ್ಬಿಸಿರಬಹುದು, ಅವನಿಗೆ ಆ ಸಾಮರ್ಥ್ಯವಿದೆ. ಮತ್ತೆ ಹಚ್ಚಿದಾಗ ಬರದಿದ್ದದ್ದು ಯಂತ್ರದ ಲಹರಿಯಿರಬಹುದು. ಆದರೆ ನನ್ನ ಲ್ಯಾಪ್‌ಟಾಪಿಗೆ ಅದು ಮೊದಲ ಸಲ ಹೇಗೆ ಬಂತು ಎಂಬುದಕ್ಕೆ ಕಂಪ್ಯೂಟರ್ ಬಲ್ಲವರು ಕೊಟ್ಟ ಉತ್ತರಗಳೆಲ್ಲ ಚಿಕ್ಕಮ್ಮನ ಕಥೆಗಳಿಗಿಂತ ಬಡವಾಗಿವೆ. ಕೊನೆಗೆ ಎಲ್ಲರೂ ಹೇಳುವುದು ನಾನು ಮರೆತಿದ್ದೇನೆ ಎಂದು.

ಈ ವರ್ಷ ಯುಗಾದಿಗೆ ನಮ್ಮ ಮನೆಯವರು ಹೊಸ ಲ್ಯಾಪ್‌ಟಾಪ್ ತಂದರು. ಹಳೆಯದರ ಕೀಲು ಮುರಿದಿತ್ತು. ಹೊಸದರ ಪಟ್ಟಿ ತೆರೆದು ನೋಡಿದೆ. ಖಾಲಿ. ಯಾರ ಹೆಸರೂ ಇರಲಿಲ್ಲ. ಹಳೆಯದನ್ನು ಗುಜರಿಗೆ ಕೊಡುವ ಹಿಂದಿನ ದಿನ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಆ ಸಾಲನ್ನು ಹೊಸದರಲ್ಲಿ ಟೈಪ್ ಮಾಡಿದೆ.

ನಮ್ಮ ಮನೆಯವರು ಮರುದಿನ ಪೆಟ್ಟಿಗೆ ನೋಡಿ, "ಹೊಸದರಲ್ಲೂ ಇದೇನು? ವಾರಂಟಿಯಲ್ಲಿ ವಾಪಸ್ ಕೊಡೋಣ" ಎಂದರು. "ಇರಲಿ ಬಿಡ್ರಿ, ಏನು ತೊಂದರೆ ಮಾಡುತ್ತೆ" ಎಂದೆ. ನಂಬುತ್ತೀಯಾ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ, ಅದು ನಿಜ ಕೂಡ. ತೆಗೆದುಬಿಡು ಎಂದಿದ್ದರೆ ಏನು ಹೇಳುತ್ತಿದ್ದೆನೋ ನನಗೆ ಈ ಹೊತ್ತಿಗೂ ಗೊತ್ತಿಲ್ಲ.